ಸುಗ್ಗಿಯ ಬ್ರೆಡ್ಡು ಹೊರುವ ಹಕ್ಕು

“ಇದನ್ನ ಹೊರೋದು ಲೇಡಿ ತಾನೆ? ಹಾಗಾದ್ರೆ ನಾನೇ ಹೊರಬೇಕು,” ಎಂದಳು ವಿನಿಫ್ರೆಡ್.

ಚರ್ಚಿನ ಪಕ್ಕದ ಕೋಣೆಯಲ್ಲಿ, ಮೇಜಿನ ಮೇಲೆ ಸುಗ್ಗಿಯ ಬ್ರೆಡ್ಡು ಮಲಗಿತ್ತು. ಗೋಧಿ ಸಿವುಡಿನ ಆಕಾರ, ದಂಟಿನ ಮೇಲೊಂದು ಹಿಟ್ಟಿನ ಇಲಿ. ಕೈಗಾಡಿಯಲ್ಲಿ ತಂದು ಇಬ್ಬರು ಗಂಡಸರು ಇಳಿಸಿ ಹೋಗಿದ್ದರು. ಇಪ್ಪತ್ತೆಂಟು ವರ್ಷ ಅದನ್ನು ಬೇಯಿಸಿದವನು ಅವಳ ಗಂಡ ಸೈಲಸ್. ಪ್ರತಿ ಸುಗ್ಗಿಹಬ್ಬದಲ್ಲೂ ಅದನ್ನು ದೇವರ ಮುಂದೆ ಹೊತ್ತು ನಡೆದವರು ಬಂಗಲೆಯ ಲೇಡಿ ಥರ್ಲೋ. ಸೈಲಸ್ ಈಸ್ಟರ್‌ಗೆ ಮುಂಚೆ ತೀರಿಕೊಂಡ. ಈ ಸಲ ನಾದಿದ್ದು ವಿನಿಫ್ರೆಡ್ ಒಬ್ಬಳೇ. ಅವನ ಹೆಸರಿನಲ್ಲಿ ತಾನೇ ದೇವರ ಮುಂದಿಡಬೇಕು ಎಂಬುದು ಅವಳ ಹಟ.

ಪಾದ್ರಿ ಪಿಮ್ ಕನ್ನಡಕ ಒರೆಸಿದರು. “ನೀವು ಲೇಡಿ ಅಂತ ಯಾರು ಹೇಳಿದ್ರು?”

“ಶಾಲೆ ಮೇಷ್ಟ್ರು, ಈಗ ಬರೋ ದಾರೀಲಿ. ಹಳೇ ಇಂಗ್ಲಿಷಲ್ಲಿ ಲೇಡಿ ಅಂದ್ರೆ ಬ್ರೆಡ್ಡಿನ ಹಿಟ್ಟು ನಾದೋಳು ಅಂತೆ. ನೋಡಿ ನನ್ನ ಕೈ.”

“ಸಾವಿರ ವರ್ಷದ ಹಿಂದಿನ ಮಾತು ತಾಯಿ ಅದು.”

“ಬೈಬಲ್ಲು ಇನ್ನೂ ಹಳೇದು. ವಾರವಾರ ಓದ್ತೀರಲ್ಲ.”

“ಮತ್ತೆ ಲಾರ್ಡ್ ಅಂದ್ರೆ?”

“ಬ್ರೆಡ್ಡು ಕಾಯೋನು. ನಾದೋಕೆ ನಾವು ಹೆಂಗಸ್ರು, ಕೂತು ಕಾಯೋಕೆ ನೀವು ಗಂಡಸ್ರು. ಮುಂದಿನ ಸಾಲಿನ ಕುರ್ಚಿ ಯಾರಿಗೆ ಸಿಕ್ತು ಅಂತ ಬೇರೆ ಹೇಳ್ಬೇಕಾ?”

“ಲೇಡಿ ಥರ್ಲೋ ಬೇಜಾರು ಮಾಡ್ಕೋತಾರೆ.”

“ಅವರನ್ನೂ ನಾದೋಕೆ ಕರೀರಿ. ಬಂದ್ರೆ ಅವರೇ ಹೊರಲಿ.”

ಬಾಗಿಲಲ್ಲಿ ಊರುಗೋಲು ಸದ್ದಾಯಿತು. ಲೇಡಿ ಥರ್ಲೋ ಎಲ್ಲ ಕೇಳಿಸಿಕೊಂಡಿದ್ದರು. ಪಾದ್ರಿಯ ಮುಖ ಕೆಂಪಾಯಿತು.

“ಅವಳೇ ಹೊರಲಿ ಬಿಡಿ,” ಎಂದರು ಮುದುಕಿ. “ನಾನು ಹೊರ್ತೀನಿ ಅಂತ ಯಾರಾದ್ರೂ ಕೇಳ್ತಾರೇನೋ ಅಂತ ಇಷ್ಟು ವರ್ಷ ಕಾದೆ. ಅದನ್ನ ಎತ್ತಿದ್ರೆ ಕರು ಹೊತ್ತ ಹಾಗಾಗತ್ತೆ. ವರ್ಷ ವರ್ಷ ನನ್ನ ಶಕ್ತಿನೇ ಕುಂದ್ತು ಅಂದ್ಕೊಂಡಿದ್ದೆ.”

ವಿನಿಫ್ರೆಡ್ ತಲೆ ತಗ್ಗಿಸಿದಳು. “ಶಕ್ತಿ ಅಲ್ಲ ಅಮ್ಮಾವ್ರೇ. ನಮ್ಮ ಯಜಮಾನ್ರು ವರ್ಷಕ್ಕೊಂದು ಬೊಗಸೆ ಹಿಟ್ಟು ಜಾಸ್ತಿ ಹಾಕ್ತಿದ್ರು. ಬ್ರೆಡ್ಡಿನ ಭಾರ ಬಂಗಲೆಯವರಿಗೂ ಗೊತ್ತಾಗ್ಲಿ ಅಂತ.”

ಪಾದ್ರಿ ಕೂರಲು ಜಾಗ ಹುಡುಕಿದರು. ನಗುವಿನಿಂದ ಮುದುಕಿಯ ಭುಜ ಕುಲುಕಿತು.

“ಈ ಸಲ ಎಷ್ಟು ಹಾಕಿದೀಯ?”

“ಈ ವರ್ಷದ ಅಳತೇನ ಸಾಯೋ ಮುಂಚೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ರು. ಅಷ್ಟೇ ಹಾಕಿದೀನಿ.”

“ಎತ್ತು ಹಾಗಾದ್ರೆ.”

ಒಳಗೆ ಹಾಡು ಶುರುವಾಯಿತು. ವಿನಿಫ್ರೆಡ್ ಎರಡೂ ತೋಳು ಕೊಟ್ಟು ಎತ್ತಿದಳು. ಸೊಂಟ ಕಟಕ್ಕೆಂದಿತು. ಪಾದ್ರಿ ಕೈ ಚಾಚಿದರು. ಅವಳು ಕೊಡಲಿಲ್ಲ.

“ಈ ಗಂಡಸು,” ಎಂದಳು ಹಲ್ಲು ಕಚ್ಚಿ, “ಸತ್ತ ಮೇಲೂ ನನ್ನ ಕೈಲೇ ಹೊರಿಸ್ದ.”