ನೂರಿಪ್ಪತ್ತನೆಯ ಕುರ್ಚಿ

ಎಲ್ಲ ರಗಳೆಗೂ ಕಾರಣ ಒಂದು ಕುರ್ಚಿ. ಅದೂ ಇದ್ದ ಕುರ್ಚಿಯಲ್ಲ, ಇಲ್ಲದ ಕುರ್ಚಿ.

ಸಾಮಾಜಿಕ ನ್ಯಾಯ ಮತ್ತು ಅಸಮಾನತೆ ಕುರಿತ ವಿದ್ವಾಂಸರ ಸಮ್ಮೇಳನ ಶುರುವಾಗಲು ಇನ್ನು ಮುಕ್ಕಾಲು ಗಂಟೆ ಇತ್ತು. ಸಭಾಂಗಣದಲ್ಲಿ ಸುತ್ತು ಸುತ್ತಾಗಿ ಜೋಡಿಸಿದ್ದ ಮಡಚುವ ಕುರ್ಚಿಗಳನ್ನು ಕಿಟಕಿ ಮೇಷ್ಟ್ರು ಮೂರನೆಯ ಸಲ ಎಣಿಸಿದರು. ಮೂರನೆಯ ಸಲವೂ ನೂರ ಹತ್ತೊಂಬತ್ತೇ ಬಂತು. ಬರುವವರು ನೂರಿಪ್ಪತ್ತು ಜನ.

ಕಿಟಕಿ ಮೇಷ್ಟ್ರು ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಸಮಾಜಶಾಸ್ತ್ರ ವಿಭಾಗದಲ್ಲಿ ನಾಲ್ವರು ತಾತ್ಕಾಲಿಕ ಉಪನ್ಯಾಸಕರಿದ್ದರು. ನಾಲ್ವರಿಗೂ ಸೇರಿ ಒಂದು ಕೋಣೆ, ಒಂದು ಮೇಜು, ಮೂರು ಕುರ್ಚಿ. ನಾಲ್ವರಲ್ಲಿ ಜಗಳವಾಡಲು ಬಾರದವರು ಇವರೊಬ್ಬರೇ. ಹಾಗಾಗಿ ಆರು ವರ್ಷದಿಂದ ಕಿಟಕಿಯ ಕಟ್ಟೆಯ ಮೇಲೆ ಕೂತೇ ಪಾಠದ ತಯಾರಿ, ಕೂತೇ ಉತ್ತರಪತ್ರಿಕೆಯ ತಿದ್ದುವಿಕೆ, ಕೂತೇ ಊಟ. ವಿದ್ಯಾರ್ಥಿಗಳು ಇಟ್ಟ ಹೆಸರು ಬಿಡಿಸಲಾರದ ಹಾಗೆ ಅಂಟಿಕೊಂಡಿತ್ತು.

ಆದರೆ ಆ ಕಟ್ಟೆಯ ಋಣ ಇವತ್ತಿಗೆ ತೀರುವುದರಲ್ಲಿತ್ತು. ವಿಭಾಗಕ್ಕೆ ಒಂದು ಕಾಯಂ ಹುದ್ದೆ ಬಂದಿತ್ತು. ಹೆಚ್ಚು ವರ್ಷ ದುಡಿದವರು ಮೇಷ್ಟ್ರೇ ಆದ್ದರಿಂದ ಪತ್ರ ಅವರ ಹೆಸರಿಗೇ ತಯಾರಾಗಿತ್ತು. ಬೇಕಾದದ್ದು ವಿಭಾಗದ ಮುಖ್ಯಸ್ಥರ ಒಂದು ಸಹಿ. ಮುಖ್ಯಸ್ಥರು ಒಂದೇ ಮಾತು ಹೇಳಿದ್ದರು: "ಸಮ್ಮೇಳನ ಚೆನ್ನಾಗಿ ನಡೀಲಿ, ಸಂಜೆ ಸಹಿ ಹಾಕ್ತೀನಿ. ವೇದಿಕೆ ಬೇಡ, ದೊಡ್ಡ ಕುರ್ಚಿ ಬೇಡ. ನನ್ನ ಸಮ್ಮೇಳನದಲ್ಲಿ ಮೇಲು ಕೀಳು ಕಾಣಿಸ್ತು ಅಂತ ಒಬ್ಬರ ಬಾಯಲ್ಲೂ ಬರಬಾರದು."

ಮನೆಯಲ್ಲಿ ಹೆಂಡತಿ ಆಗಲೇ ಒಂದು ಸಲ ಫೋನು ಮಾಡಿ ಸಹಿ ಆಯ್ತಾ ಎಂದು ಕೇಳಿಯಾಗಿತ್ತು. ಅವಳ ಅವಸರಕ್ಕೂ ಕಾರಣವಿತ್ತು. ಅವಳ ಅಪ್ಪ ಬಂಧುಗಳ ಎದುರಿಗೆ ಮೇಷ್ಟ್ರನ್ನು ತೋರಿಸುವಾಗ "ಇವರು ನಮ್ಮ ತಾತ್ಕಾಲಿಕ ಅಳಿಯಂದಿರು" ಎನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದರು. ಆದರೆ ಆರು ವರ್ಷ ಒಂದೇ ತಮಾಷೆ ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ.

ಕುರ್ಚಿ ಸರಬರಾಜು ಮಾಡಿದವನಿಗೆ ಫೋನು ಹಚ್ಚಿದರೆ ಅವನು ಎತ್ತಲಿಲ್ಲ. ಅಂದು ರಜೆ, ತರಗತಿಗಳಿಗೆಲ್ಲ ಬೀಗ. ತಮ್ಮ ಕೋಣೆಯ ಮೂರು ಕುರ್ಚಿಗಳನ್ನು ಉಳಿದ ಮೂವರು ತಾತ್ಕಾಲಿಕರು ನೋಂದಣಿಗೆಂದು ಗೇಟಿನ ಬಳಿ ಒಯ್ದು ಅವುಗಳ ಮೇಲೆ ಭದ್ರವಾಗಿ ಕೂತಿದ್ದರು. ಕಿಟಕಿಯನ್ನು ಕಿತ್ತು ತರುವಂತಿರಲಿಲ್ಲ. ಮೇಷ್ಟ್ರ ಜೇಬಿನಲ್ಲಿದ್ದದ್ದು ಒಂದೇ ಬೀಗದಕೈ, ಮುಖ್ಯಸ್ಥರ ಕೋಣೆಯದು.

ಆ ಕೋಣೆಯಲ್ಲಿ ಇದ್ದದ್ದೂ ಒಂದೇ ಕುರ್ಚಿ. ಬಂದವರು ನಿಂತೇ ಮಾತಾಡಬೇಕೆಂಬುದು ಅಲ್ಲಿನ ಪದ್ಧತಿ. ಬೆನ್ನಿಗೆ ಮೆತ್ತೆ, ಎರಡೂ ಕಡೆ ಕೈ, ಕೆಳಗೆ ಐದು ಚಕ್ರ. ಮೇಷ್ಟ್ರು ದೇವರ ಮೇಲೆ ಭಾರ ಹಾಕಿ ಅದನ್ನೇ ಉರುಳಿಸಿಕೊಂಡು ಬಂದರು. ಗುರುತು ಸಿಗದಿರಲಿ ಎಂದು ನೀರಿನ ಲೋಟ ಇಡುವ ಮೇಜಿನ ಬಿಳಿ ಬಟ್ಟೆಯನ್ನು ಅದಕ್ಕೆ ಹೊದಿಸಿದರು. ಹೊದಿಸಿದ ಮೇಲೆ ದೂರ ನಿಂತು ನೋಡಿದರು. ಮಡಚುವ ಕುರ್ಚಿಗಳ ನಡುವೆ ಅದು ಈಗ ಸಿಂಹಾಸನದ ಹಾಗೆ ಕಾಣುತ್ತಿತ್ತು.

ಬಟ್ಟೆ ತೆಗೆಯಲು ಹೊರಟರು. ಅಷ್ಟರಲ್ಲಿ ವಿದ್ವಾಂಸರು ಬಂದೇಬಿಟ್ಟರು.

ನೂರ ಹತ್ತೊಂಬತ್ತು ಜನ ಪಟಪಟನೆ ಕೂತರು. ಕೊನೆಗೆ ಬಂದವರು ಗಡ್ಡದ ಪ್ರೊಫೆಸರು. ಅಸಮಾನತೆಯ ಬಗ್ಗೆ ಹನ್ನೊಂದು ಪುಸ್ತಕ ಬರೆದವರು. ಅವರು ಬಿಳಿ ಬಟ್ಟೆಯ ಕುರ್ಚಿಯ ಮುಂದೆ ನಿಂತು, ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದರು. ಇದು ಯಾರಿಗೆ ಇಟ್ಟಿದ್ದು ಎಂದು ಗಟ್ಟಿಯಾಗಿ ಕೇಳಿದರು. ಮುಖ್ಯಸ್ಥರು ಮೇಷ್ಟ್ರ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು.

"ಒಂದು ಕಡಿಮೆ ಬಿತ್ತು ಸರ್, ಅದಕ್ಕೇ..." ಎನ್ನುತ್ತ ಮೇಷ್ಟ್ರು ಕುರ್ಚಿಯನ್ನು ಹೊರಗೆ ತಳ್ಳಲು ಹೋದರು. ಹೊರಗೆ ಒಯ್ದರೆ ಗಡ್ಡದವರು ನಿಂತುಕೊಳ್ಳಬೇಕಾಗುತ್ತದೆ, ಅಸಮಾನತೆಯ ಸಮ್ಮೇಳನದಲ್ಲಿ ಒಬ್ಬರನ್ನು ನಿಲ್ಲಿಸುವುದೇ ಎಂದು ನಾಲ್ಕೈದು ಜನ ತಡೆದರು. ಬೆನ್ನುನೋವಿನ ಪ್ರೊಫೆಸರಮ್ಮ ತಮ್ಮ ಜಾಗವನ್ನು ಗಡ್ಡದವರಿಗೆ ಕೊಟ್ಟು ತಾವು ಆ ಮೆತ್ತೆಯಲ್ಲಿ ಕೂರುವುದಾಗಿ, ಅದು ದೊಡ್ಡ ತ್ಯಾಗವೆಂಬ ಧ್ವನಿಯಲ್ಲಿ ಹೇಳಿದರು. ಪಕ್ಕದವರಿಗೆ ತಕ್ಷಣ ಮೊಣಕಾಲು ನೋವು ಶುರುವಾಯಿತು. ಹಿಂದಿನ ಸುತ್ತಿನಿಂದ ಕುತ್ತಿಗೆ ನೋವಿನವರು ಇಬ್ಬರು ಎದ್ದರು.

ಆಗ ಗಡ್ಡದ ಪ್ರೊಫೆಸರು ಕೈಯೆತ್ತಿ ಸುಮ್ಮನಾಗಿಸಿದರು. ಎತ್ತರದ ಆಸನ ಇದ್ದೇ ಇದೆ ಎಂದಾದರೆ ಅದರಲ್ಲಿ ಬದುಕಿನಲ್ಲಿ ಎಲ್ಲರಿಗಿಂತ ಹೆಚ್ಚು ವಂಚಿತರಾದವರು ಕೂರಬೇಕು, ನ್ಯಾಯವೆಂದರೆ ಅದೇ ಎಂದರು. ಸಭೆ ತಲೆದೂಗಿತು. ಹಾಗೆ ತಲೆದೂಗಿದ್ದೇ ತಪ್ಪಾಯಿತು.

ಒಬ್ಬರು ಎದ್ದು ತಾವು ಹುಟ್ಟಿದ ಮನೆಗೆ ಒಂದೇ ಕೋಣೆ ಎಂದರು. ಪಕ್ಕದವರು ತಮ್ಮದೂ ಒಂದೇ ಕೋಣೆ, ಆದರೆ ಅದಕ್ಕೆ ಬಾಗಿಲಿರಲಿಲ್ಲ ಎಂದರು. ಮೂರನೆಯವರು ಅಂಥ ಬಾಗಿಲಿಲ್ಲದ ಮನೆಯಲ್ಲೇ ಬಾಡಿಗೆಗಿದ್ದವರು. ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತ ಬಂದಿದ್ದ ಒಬ್ಬರು ಬಾಲ್ಯದಲ್ಲಿ ಬರಿಗಾಲಿನಲ್ಲಿ ಶಾಲೆಗೆ ನಡೆದ ದೂರವನ್ನು ಹೇಳಿದರು. ಅದು ಮೊದಲ ಸಲ ನಾಲ್ಕು ಮೈಲಿ ಇತ್ತು, ಯಾರೋ ಐದು ಮೈಲಿ ಎಂದ ಮೇಲೆ ಏಳಾಯಿತು. ಸಿರಿವಂತರ ಮಗನೊಬ್ಬ ಎದ್ದು, ಹೇಳಿಕೊಳ್ಳಲು ತನಗೆ ಒಂದು ಕಷ್ಟವೂ ಸಿಕ್ಕಿಲ್ಲ, ಇದಕ್ಕಿಂತ ದೊಡ್ಡ ವಂಚನೆ ಉಂಟೇ ಎಂದು ಕಣ್ಣೊರೆಸಿಕೊಂಡ. ಅವನಿಗೂ ಚಪ್ಪಾಳೆ ಬಿತ್ತು.

ಮಾತಾಡಲು ಎದ್ದವರ ಕುರ್ಚಿಯಲ್ಲಿ ಗಡ್ಡದವರು ಆಯಾ ಹೊತ್ತಿಗೆ ಕೂರುತ್ತಿದ್ದರು. ಮೊದಲ ಗೋಷ್ಠಿಯ ಹೊತ್ತು ಕಳೆಯಿತು. ಎರಡನೆಯದರ ಅರ್ಧವೂ ಹೋಯಿತು. ಗೋಡೆಗೊರಗಿ ನಿಂತಿದ್ದ ಮೇಷ್ಟ್ರ ನಾಲಿಗೆಯ ತುದಿಗೆ ಕಿಟಕಿಯ ಕಟ್ಟೆಯ ವಿಷಯ ಬಂದಿತ್ತು. ಆದರೆ ಅವರನ್ನು ಯಾರೂ ಕೇಳಲಿಲ್ಲ. ಬೆಳಗಿನಿಂದ ನಿಂತೇ ಇದ್ದವರು ಇಡೀ ಸಭೆಯಲ್ಲಿ ಅವರೊಬ್ಬರೇ ಎಂಬುದೂ ಯಾರ ಕಣ್ಣಿಗೂ ಬೀಳಲಿಲ್ಲ. ಅವರಿಗೆ ನಿಜವಾಗಿ ಬೇಸರವಾಯಿತು.

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಹೆಂಡತಿಯದೇ. ಮೇಷ್ಟ್ರು ಎತ್ತಲಿಲ್ಲ.

ಕೊನೆಗೆ ಬೆನ್ನುನೋವಿನ ಪ್ರೊಫೆಸರಮ್ಮ, ತಮಗಂತೂ ಕುರ್ಚಿ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ, ಇನ್ನೊಬ್ಬರಿಗೂ ಸಿಗದ ಹಾಗೆ ಒಂದು ದಾರಿ ಹೇಳಿದರು. ಹೊರಗೆ ಪಡಸಾಲೆಯಲ್ಲಿ ನೆಲ ಒರೆಸುವ ಅಕ್ಕ ಇದ್ದಾಳಲ್ಲ, ಅವಳನ್ನೇ ಕೂರಿಸೋಣ ಎಂದರು. ಇದಕ್ಕೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಇಬ್ಬರು ಪ್ರೊಫೆಸರುಗಳು ಹೋಗಿ ಅಕ್ಕನನ್ನು ಮದುಮಗಳಂತೆ ಕರೆತಂದರು. ಅವಳ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

ಅಕ್ಕ ಕುರ್ಚಿಯನ್ನು ನೋಡಿದಳು. ಬಿಳಿ ಬಟ್ಟೆಯ ಒಂದು ತುದಿ ಎತ್ತಿ ಚಕ್ರ ನೋಡಿದಳು. ಇನ್ನೊಂದು ತುದಿ ಎತ್ತಿ ಕೈ ನೋಡಿದಳು.

"ಇದು ನಮ್ಮ ಸಾಹೇಬ್ರ ಕುರ್ಚಿ ಅಲ್ವಾ?" ಎಂದಳು. "ದಿನಾ ಒರೆಸೋಳು ನಾನು, ನಂಗೆ ಗೊತ್ತಾಗಲ್ವಾ? ಒಂದಿನ ಕಾಲು ನೋಯ್ತಿದೆ ಅಂತ ಎರಡು ನಿಮಿಷ ಕೂತಿದ್ದಕ್ಕೆ ಸಾಹೇಬ್ರು ಬೈದಿದ್ರು. ಇದರಲ್ಲಿ ನಾನು ಕೂರಲ್ಲಪ್ಪ. ನೀವೇ ಯಾರಾದರೂ ಕೂತ್ಕೊಳ್ಳಿ."

ಇಷ್ಟು ಹೇಳಿ ಅಕ್ಕ ಒದ್ದೆ ನೆಲ ಒಣಗುವ ಮೊದಲೇ ಹೋಗಬೇಕೆಂದು ಹೊರಟುಹೋದಳು. ನೂರಿಪ್ಪತ್ತು ತಲೆಗಳು ಮುಖ್ಯಸ್ಥರ ಕಡೆ ತಿರುಗಿದವು. ಸಹಿಯ ಕತೆ ಮುಗಿಯಿತು ಎಂದುಕೊಂಡು ಮೇಷ್ಟ್ರು ಕಣ್ಣು ಮುಚ್ಚಿದರು.

ಆದರೆ ಮುಖ್ಯಸ್ಥರು ಮೂವತ್ತು ವರ್ಷ ಸಮ್ಮೇಳನಗಳಲ್ಲೇ ಪಳಗಿದ ಆಸಾಮಿ. ಅವರ ಮುಖ ಒಂದು ಗಳಿಗೆ ಕೆಂಪಾಗಿ, ಮರುಗಳಿಗೆ ಅದರ ಮೇಲೆ ನಗು ಮೂಡಿತು. ಕುರ್ಚಿ ನನ್ನದೇ, ಬೇಕೆಂದೇ ಇಲ್ಲಿ ಇಡಿಸಿದೆ ಎಂದರು. ಒಂದು ಎತ್ತರದ ಆಸನ ಎದುರಿಗಿದ್ದರೆ ನಮ್ಮಂಥವರೂ ಹೇಗೆ ವರ್ತಿಸುತ್ತೇವೆ ಎಂಬುದರ ಪ್ರಯೋಗ ಇದು, ಇವತ್ತಿನಿಂದ ಆ ಕುರ್ಚಿಯನ್ನು ನಾನು ಬಿಟ್ಟಿದ್ದೇನೆ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಏಳು ಮೈಲಿ ನಡೆದವರು ಬಂದು ಮುಖ್ಯಸ್ಥರನ್ನು ತಬ್ಬಿಕೊಂಡರು.

ಆ ಹುರುಪಿನಲ್ಲೇ ಗಡ್ಡದ ಪ್ರೊಫೆಸರು ಒಂದು ನಿರ್ಣಯ ಮಂಡಿಸಿದರು. ಈ ವಿಭಾಗದಲ್ಲಿ ಇನ್ನು ಮುಂದೆ ಒಬ್ಬರಿಗೆ ಇಲ್ಲದ ಸೌಲಭ್ಯ ಇನ್ನೊಬ್ಬರಿಗೆ ಇರಕೂಡದು. ಅನುಮೋದಿಸುವವರು ಯಾರು ಎಂದು ಮುಖ್ಯಸ್ಥರು ಕೇಳಿದರು. ಊಟದ ಹೊತ್ತು ಮೀರಿದ್ದರಿಂದ ಜನ ಬಾಗಿಲ ಕಡೆ ನೋಡುತ್ತಿದ್ದರು. ಹೋದ ಜೀವ ಬಂದ ಸಂತೋಷದಲ್ಲಿದ್ದ ಕಿಟಕಿ ಮೇಷ್ಟ್ರು ಗೋಡೆಯ ಬಳಿಯಿಂದ ಕೈಯೆತ್ತಿದರು. ನಿರ್ಣಯ ಪುಸ್ತಕಕ್ಕೆ ಅವರ ಹೆಸರು ಏರಿತು.

ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಪತ್ರ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದರು. ಕೋಣೆಯ ಮೂಲೆಯಲ್ಲಿ ಮೆತ್ತೆಯ ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಮುಖ್ಯಸ್ಥರು ಮಡಚುವ ಕುರ್ಚಿಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದರು. ಸೊಂಟ ಹಿಡಿದಂತಿತ್ತು.

"ಕುರ್ಚಿ ತಂದಿಟ್ಟವರು ಯಾರು ಅಂತ ನಾನು ಕೇಳೋದಿಲ್ಲ," ಎಂದರು. "ಸಮ್ಮೇಳನ ಗೆದ್ದದ್ದೇ ಅದರಿಂದ. ಪತ್ರಿಕೆಯವರು ಫೋಟೋ ತಗೊಂಡು ಹೋದ್ರು."

ಮೇಷ್ಟ್ರು ಹಲ್ಲು ಬಿಟ್ಟು ನಕ್ಕು, ಪತ್ರವನ್ನು ಮುಂದಿಟ್ಟು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು. ಮುಖ್ಯಸ್ಥರು ಪೆನ್ನು ತೆಗೆದುಕೊಳ್ಳಲಿಲ್ಲ.

"ಆದರೆ ಇದಕ್ಕೆ ಹೇಗ್ರೀ ಸಹಿ ಹಾಕಲಿ? ತಾತ್ಕಾಲಿಕದವರು ನಾಲ್ಕು ಜನ ಇದ್ದೀರಿ. ನಿಮ್ಮೊಬ್ಬರನ್ನ ಕಾಯಂ ಮಾಡಿದ್ರೆ ಉಳಿದ ಮೂವರಿಗೆ ಇಲ್ಲದ ಸೌಲಭ್ಯ ನಿಮಗೆ ಕೊಟ್ಟ ಹಾಗಾಗಲ್ವಾ? ಗೇಟಿನ ಹತ್ರ ಕೂತಿದ್ರಲ್ಲ, ಆ ಮೂವರೂ ಆಗಲೇ ನಿರ್ಣಯದ ನಕಲು ತಗೊಂಡು ಬಂದು ಹೋದ್ರು. ಅನುಮೋದಿಸಿದವರು ಯಾರು ಅಂತ ನೋಡಿದ್ರೆ, ನೀವೇ."

ಮೇಷ್ಟ್ರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಮುಖ್ಯಸ್ಥರಿಗೆ ಕನಿಕರ ಹುಟ್ಟಿತೇನೋ, ಮೂಲೆಯ ಕಡೆ ಕೈ ತೋರಿಸಿದರು. ಫೋಟೋ ಬಂದ ಮೇಲೆ ಅದನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ನಿಮ್ಮ ಕೋಣೆಗೆ ಒಂದು ಕುರ್ಚಿ ಕಡಿಮೆಯಂತಲ್ಲ, ತೆಗೆದುಕೊಂಡು ಹೋಗಿ ಎಂದರು.

ಏನೂ ಇಲ್ಲದ್ದಕ್ಕಿಂತ ಇದಾದರೂ ಸರಿ ಎಂದು ಮೇಷ್ಟ್ರು ಕುರ್ಚಿಯನ್ನು ಉರುಳಿಸಿಕೊಂಡು ತಮ್ಮ ಕೋಣೆಗೆ ಬಂದರು. ಮೂವರೂ ತಂತಮ್ಮ ಕುರ್ಚಿಗಳೊಂದಿಗೆ ವಾಪಸಾಗಿ ಕೂತಿದ್ದರು. ಮೇಷ್ಟ್ರು ಮೆತ್ತೆಯ ಮೇಲೆ ಕೂರಲು ಬಗ್ಗುವಷ್ಟರಲ್ಲಿ ಆ ಮೂವರಲ್ಲಿ ವಯಸ್ಸಿನಲ್ಲಿ ಹಿರಿಯರು ಕೆಮ್ಮಿದರು. ಮೂವರಿಗೆ ಮರದ ಕುರ್ಚಿ, ಒಬ್ಬರಿಗೆ ಮೆತ್ತೆಯದು, ಇದು ನಿರ್ಣಯಕ್ಕೆ ವಿರುದ್ಧ ಅಲ್ಲವೇ ಎಂದು ಬಹಳ ಮೆತ್ತಗೆ ಕೇಳಿದರು. ಉಳಿದಿಬ್ಬರು ಹೌದೆಂದರು. ಮೂರು ಮತಗಳಿಂದ, ಆ ಕುರ್ಚಿಯಲ್ಲಿ ಯಾರೂ ಕೂರಬಾರದೆಂದು ತೀರ್ಮಾನವಾಯಿತು.

ಕೋಣೆ ಚಿಕ್ಕದು. ಅಷ್ಟು ದೊಡ್ಡ ಕುರ್ಚಿ ಇಡಲು ಇದ್ದದ್ದು ಒಂದೇ ಜಾಗ, ಕಿಟಕಿಯ ಮುಂದೆ. ಮೂವರೂ ಸೇರಿ ಅದನ್ನು ಅಲ್ಲಿಗೇ ನೂಕಿದರು. ಅದರ ಎತ್ತರದ ಬೆನ್ನು ಕಟ್ಟೆಯನ್ನು ಪೂರ್ತಿ ಮುಚ್ಚಿತು.

ಮತ್ತೆ ಫೋನು ಬಂತು. ಈ ಸಲ ಹೆಂಡತಿಯ ಬದಲು ಮಾವನವರೇ ಇದ್ದರು. ಧ್ವನಿಯಲ್ಲಿ ಎಂದೂ ಇಲ್ಲದ ಪ್ರೀತಿ.

"ಏನಳಿಯಂದಿರೇ, ಎಲ್ಲಾ ಮುಗೀತಾ? ಆರಾಮಾಗಿ ಕೂತ್ಕೊಂಡು ಮಾತಾಡಿ, ಅವಸರ ಏನಿಲ್ಲ."

ಮೇಷ್ಟ್ರು ಮೂರು ಮರದ ಕುರ್ಚಿಗಳನ್ನು ನೋಡಿದರು. ನಾಲ್ಕನೆಯದನ್ನೂ ನೋಡಿದರು. ಅದರ ಹಿಂದೆ ಮರೆಯಾದ ತಮ್ಮ ಕಟ್ಟೆಯನ್ನೂ ನೆನೆದರು.

"ಪರವಾಗಿಲ್ಲ ಮಾವ, ನಿಂತೇ ಇದ್ದೀನಿ," ಎಂದರು. ಸ್ವಲ್ಪ ತಡೆದು, "ತಾತ್ಕಾಲಿಕವಾಗಿ," ಎಂದು ಸೇರಿಸಿದರು.