ಕೊಟ್ಟಿಗೆಯ ಮೇಲೆ ಬಿದ್ದ ಕೆಂಪು ಚುಕ್ಕೆ

ಜಿಲ್ಲೆಯ ಭೂಬಳಕೆಯನ್ನೂ ಸೇವಾ ಕೇಂದ್ರಗಳನ್ನೂ ಯೋಜಿಸುವ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ, ತಮ್ಮ ಹದಿಮೂರನೇ ಸೇವಾ ಕೇಂದ್ರದೊಳಗೆ ಎಮ್ಮೆ ಕಟ್ಟಿಕೊಂಡಿರುವ ಹೈನುಗಾರನ ಸಾಷ್ಟಾಂಗ ವಂದನೆಗಳು.

ಮಾನ್ಯರೇ, ಹನ್ನೊಂದು ಹಳ್ಳಿಗಳಿಗೂ ಸಮದೂರವಾದ ಜಾಗವನ್ನು ತಾವು ಕೈವಾರ ಹಿಡಿದು ಹುಡುಕಿ ನಕ್ಷೆಯಲ್ಲಿಟ್ಟ ಕೆಂಪು ಚುಕ್ಕೆ ಸರಿಯಾಗಿ ನನ್ನ ಕೊಟ್ಟಿಗೆಯ ಮೇಲೆ ಬಿತ್ತು. ತಮ್ಮ ಸಿಬ್ಬಂದಿ ಬಂದು ‘ಗ್ರಾಮೀಣ ಸೇವಾ ಕೇಂದ್ರ’ ಎಂಬ ಫಲಕವನ್ನು ಬಾಗಿಲಿಗೆ ಹೊಡೆದು, ಕಟ್ಟಡ ಆಮೇಲೆ ಬರುತ್ತದೆಂದು ಹೇಳಿ ಹೋದರು. ಕಟ್ಟಡ ಬರಲಿಲ್ಲ, ಜನ ಬಂದರು.

ಮೊದಲ ದಿನವೇ ಒಬ್ಬರು ಕೆಟ್ಟ ಪಂಪ್‌ಸೆಟ್ ಹೊತ್ತು ತಂದರು. ಇನ್ನೊಬ್ಬರು ಮಣ್ಣು ಪರೀಕ್ಷೆಗೆಂದು ಅರ್ಧ ಹೊಲವನ್ನೇ ತಂದು ಸುರಿದರು. ಕಣ್ಣು ಮಂಜಾದ ಅಜ್ಜ ಒಬ್ಬರು ತಮ್ಮ ಅರ್ಜಿಯನ್ನು ವಿನಯದಿಂದ ಎಮ್ಮೆಯ ಮುಂದೆ ಹಿಡಿದರು. ಅದು ತಕ್ಷಣ ಸ್ವೀಕರಿಸಿತು. “ಪರವಾಗಿಲ್ಲಪ್ಪ, ಇಲ್ಲಿ ನಾಳೆ ಬಾ ಅನ್ನಲ್ಲ” ಎಂದು ಅಜ್ಜ ಹಿಗ್ಗುತ್ತ ಮನೆಗೆ ಹೋದರು.

ಗಾಬರಿಯಾಗಿ ನಾನು ತಮ್ಮ ಕಚೇರಿಗೆ ಓಡಿ ಬಂದೆ. ಗುಮಾಸ್ತರು ನಕ್ಷೆ ಹರಡಿ, ಕನ್ನಡಕ ಏರಿಸಿ, “ಇಲ್ಲಿ ಎಮ್ಮೆನೇ ಇಲ್ವಲ್ರೀ” ಎಂದರು. ಇಲ್ಲದ ಎಮ್ಮೆಯ ಹಾಲನ್ನು ಇಷ್ಟು ವರ್ಷ ಊರಿಗೆಲ್ಲ ಕುಡಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಚುಕ್ಕೆಯನ್ನು ಒಂದು ಬೆರಳಿನಷ್ಟು ಸರಿಸಿ ಎಂದು ಬೇಡಿದರೆ, ಒಂದು ಬೆರಳು ಸರಿಸಿದರೆ ಪಕ್ಕದ ಜಿಲ್ಲೆಯವರ ಜೊತೆ ಜಗಳವಾಗುತ್ತದೆ ಎಂದರು.

ಊರಿಗೆ ಮರಳಿದಾಗ ನನ್ನ ಹೆಂಡತಿ ಹುಲ್ಲಿನ ಕಟ್ಟಿನ ಮೇಲೆ ಕೂತು, ಜನರನ್ನು ಸಾಲಾಗಿ ನಿಲ್ಲಿಸಿ, ಅರ್ಜಿ ಬರೆದುಕೊಡುತ್ತಿದ್ದಳು. ಪಂಪ್‌ಸೆಟ್ಟನ್ನು ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಕಪ್ಪೆಯನ್ನು ಆಗಲೇ ಬಿಡುಗಡೆ ಮಾಡಿದ್ದಳು. ಅಂದಿನಿಂದ ಹನ್ನೊಂದು ಹಳ್ಳಿಯವರೂ ಅವಳನ್ನು ‘ಮೇಡಂ’ ಎನ್ನುತ್ತಾರೆ, ನನ್ನನ್ನು ‘ಏನಪ್ಪ’ ಎನ್ನುತ್ತಾರೆ.

ಕಳೆದ ಸೋಮವಾರ ತಮ್ಮ ಇನ್‌ಸ್ಪೆಕ್ಟರು ಸಾಲು ಮುರಿದು ನುಗ್ಗಿ, ಕೊಟ್ಟಿಗೆಯನ್ನು ಕೂಡಲೇ ಖಾಲಿ ಮಾಡಬೇಕೆಂಬ ಆದೇಶ ಚಾಚಿದರು. ಅವಳು ತಲೆಯೆತ್ತದೆ, “ಸಾಲಲ್ಲಿ ಬನ್ನಿ ಅಣ್ಣ” ಎಂದಳು. ಅವರು ಹೋಗಿ ಕೊನೆಯಲ್ಲಿ ನಿಂತರು! ಸರದಿ ಬಂದಾಗ ಆದೇಶವನ್ನು ಎರಡು ಸಲ ಓದಿ, “ಸರ್ವೆ ನಂಬರ್ ತಪ್ಪಿದೆ, ಇದು ಪಕ್ಕದವರ ಬಾವಿ. ತಿದ್ದಿಸ್ಕೊಂಡು ಗುರುವಾರ ಬನ್ನಿ” ಎಂದು ಕಳುಹಿಸಿದಳು. ಗುರುವಾರ ಅವರು ಬರಲಿಲ್ಲ. ಬದಲಿಗೆ ಆ ಇನ್‌ಸ್ಪೆಕ್ಟರು ತಮಗೇ ವರ್ಗಾವಣೆ ಬೇಕೆಂಬ ಒಂದು ಅರ್ಜಿ ಬರೆದುಕೊಡುವಂತೆ ಅವಳಿಗೆ ಹೇಳಿಕಳುಹಿಸಿದರು.

ಆದ್ದರಿಂದ ಮಾನ್ಯರೇ, ಕಟ್ಟಡ ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ. ಕೊಟ್ಟಿಗೆಯನ್ನು ಜನರಿಗೇ ಬಿಟ್ಟಿದ್ದೇವೆ. ಎಮ್ಮೆಗೆ ಮಾತ್ರ ನಕ್ಷೆಯಲ್ಲಿ ನಾಲ್ಕು ಕಾಲೂರುವಷ್ಟು ಜಾಗ ದಯಪಾಲಿಸಬೇಕು.

ನಕ್ಷೆಯ ಹೊರಗಿದ್ದರೂ ಜೀವಂತವಾಗಿರುವ,
ತಮ್ಮ ವಿಶ್ವಾಸಿ,
ಮೇಡಂ ಅವರ ಯಜಮಾನ

ತಾ.ಕ.: ನಕ್ಷೆಯನ್ನು ಮತ್ತೊಮ್ಮೆ ನೋಡಿದೆ. ತಮ್ಮ ಬಂಗಲೆ ಇರುವ ಜಾಗಕ್ಕೆ ತಾವೇ ಹಸಿರು ಬಳಿದು ‘ಮೇವಿನ ಭೂಮಿ’ ಎಂದು ಬರೆದಿದ್ದೀರಿ. ಎಮ್ಮೆ ಇಂದು ಬೆಳಿಗ್ಗೆಯೇ ಹೊರಟಿದೆ. ದಯವಿಟ್ಟು ಗೇಟು ತೆಗೆದಿಡಿ.