ಟಚ್‌ಡೌನ್ ಮೇಷ್ಟ್ರು

ಬಾಯಲ್ಲಿ ಸೀಟಿ ಇಟ್ಟುಕೊಂಡೇ ಇದ್ದಿದ್ದರೆ ಶಾಂತರಾಜು ಮೇಷ್ಟ್ರಿಗೆ ಅಂದು ಯಾವ ತಾಪತ್ರಯವೂ ಬರುತ್ತಿರಲಿಲ್ಲ. ಪಾಪ, ವಿಷಯ ಗೊತ್ತಿತ್ತು, ಹೇಳಿಬಿಟ್ಟರು.

ಮಧುವನಹಳ್ಳಿಯ ಖಾಸಗಿ ಶಾಲೆಯಲ್ಲಿ ಅವರು ಟೆಂಪರವರಿ ಪಿ.ಟಿ. ಮೇಷ್ಟ್ರು. ಶಾಲೆಯ ಅಧ್ಯಕ್ಷ ರುದ್ರಸ್ವಾಮಿಯವರಿಗೆ ಅಮೆರಿಕದ ಫ್ಲ್ಯಾಗ್ ಫುಟ್‌ಬಾಲು ಒಲಿಂಪಿಕ್ಸಿಗೆ ಬರುತ್ತದೆಂದು ಮೊಬೈಲಿನಲ್ಲಿ ತಿಳಿದದ್ದೇ ತಡ, "ನಮ್ ಎಣ್‌ಮಕ್ಳೂ ಆಡ್ಲಿ ಮೇಷ್ಟ್ರೇ. ಯಳಂದೂರ್ ಟೀಮ್ ಜೊತೆ ಮ್ಯಾಚ್ ಆಡ್ಸಿ. ಅವತ್ತೇ ಪಿ.ಟಿ. ಪೋಸ್ಟ್ ಪರ್ಮನೆಂಟ್ ಮಾಡ್ತೀನಿ" ಎಂದಿದ್ದರು. ಏಳು ವರ್ಷದಿಂದ ಆ ಮಾತಿಗೇ ಕಾದಿದ್ದ ಮೇಷ್ಟ್ರು, ಸುಲಿಯದ ತೆಂಗಿನಕಾಯಿಯಂಥ ಚೆಂಡೊಂದನ್ನು ತರಿಸಿ, ಕಬಡ್ಡಿ ಹುಡುಗಿಯರನ್ನೇ ಈ ಆಟಕ್ಕೆ ಇಳಿಸಿದರು.

ಆಟ ಸುಲಭ. ಚೆಂಡು ಹಿಡಿದು ಎದುರಾಳಿಯ ಕೊನೆಗೆರೆ ದಾಟಿದರೆ ಟಚ್‌ಡೌನ್. ಅಷ್ಟರೊಳಗೆ ಯಾರಾದರೂ ಸೊಂಟದ ಪಟ್ಟಿ ಕಿತ್ತರೆ ಓಟ ಅಲ್ಲಿಗೇ ಮುಗಿಯಿತು.

ಮ್ಯಾಚಿನ ದಿನ ಮಧುವನಹಳ್ಳಿಯ ಕೋಮಲ ಚೆಂಡು ಹಿಡಿದು ಜಿಂಕೆಯಂತೆ ಓಡಿದಳು. ಗೆರೆ ಎದುರಿಗೇ ಇತ್ತು. ಆದರೆ ಗೆರೆ ಕಂಡರೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಕಬಡ್ಡಿ ಹುಡುಗಿಯ ಅಭ್ಯಾಸ. ಅವಳು ಭಕ್ತಿಯಿಂದ ಬಗ್ಗಿದಳು. ಹಿಂದಿನಿಂದ ಯಳಂದೂರಿನ ಮಧುಶ್ರೀ ಬಂದು ಪಟ್ಟಿ ಕಿತ್ತಳು.

ರೆಫರಿಯೂ ಆಗಿದ್ದ ಮೇಷ್ಟ್ರು ಓಟ ಮುಗಿಯಿತೆಂದು ಸೀಟಿ ಊದಿದರು. ಅಧ್ಯಕ್ಷರು ಮೈದಾನಕ್ಕೇ ನುಗ್ಗಿದರು.

"ನಮ್ ಎಣ್‌ಮಗ ನೆಲ ಮುಟ್ತು ಕಣ್ರಿ! ಟಚ್ಚೂ ಆಯ್ತು, ಡೌನೂ ಆಯ್ತು. ಪಾಯಿಂಟ್ ಕೊಡಿ!"

"ಇಲ್ಲ ಸಾ, ಗೆರೆ ದಾಟಿದ್ರೆ ಸಾಕು. ನೆಲ ಮುಟ್ಸೋದು ಅಳೇ ಕಾಲ್ದಲ್ಲಿ. ಆಗ ಗೆರೆ ಆಚೆ ಓಗಿ ಚೆಂಡ್ನ ನೆಲಕ್ಕೆ ಮುಟ್ಟಿಸ್ಬೇಕಿತ್ತು. ಅದೇ ಎಸ್ರು ಉಳ್ಕಂಡದೆ."

ಇಷ್ಟಕ್ಕೇ ನಿಲ್ಲಿಸಬಾರದಿತ್ತೇ? ಸುತ್ತ ನಿಂತವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಏಳು ವರ್ಷದಲ್ಲಿ ಮೇಷ್ಟ್ರ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಆವಾಗ ಮುಟ್ಸಿದ್ರೂ ಪಾಯಿಂಟ್ ಇರ್ನಿಲ್ಲ! ಚೆಂಡ್ನ ಗೋಲ್‌ಗೆ ಒದಿಯೋಕೆ ಒಂದ್ ಅವಕಾಶ, ಅಷ್ಟೇಯ. ಒದ್ದು ಗೋಲಾದ್ರೆ ಮಾತ್ರ ಲೆಕ್ಕ."

"ಅಳೇದೇ ಸರಿ. ಇವತ್ತು ಅಂಗೇ ಆಡ್ಲಿ" ಎಂದು ಅಧ್ಯಕ್ಷರು ಮೈಕಿನಲ್ಲಿ ಸಾರಿದರು.

ಯಳಂದೂರಿನವರು ಗೆರೆ ದಾಟಿ ಕುಣಿದರು. ಚೆಂಡು ನೆಲಕ್ಕೆ ಮುಟ್ಟಿಲ್ಲವೆಂದು ಪಾಯಿಂಟ್ ಹೋಯಿತು. ಆಮೇಲೆ ಕೋಮಲ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದಳು. ಪಂಚಾಯ್ತಿಯಲ್ಲಿ ಪಳಗಿದ ಯಳಂದೂರಿನ ಹಿರಿಯ ಚಿಕ್ಕಮಾದಪ್ಪ ಎದ್ದು ನಿಂತ.

"ಮುಟ್ಸಿದ್ರೆ ಲೆಕ್ಕಿಲ್ಲ ಅಂದ್ರಲ್ಲ ಮೇಷ್ಟ್ರು? ಒದೀಲಿ!"

ಗೋಲ್ ಕಂಬವೇ ಇರಲಿಲ್ಲ. ಎರಡು ತೆಂಗಿನಮರಗಳನ್ನೇ ಕಂಬವೆಂದು ತೀರ್ಮಾನಿಸಿದರು. ಕೋಮಲ ಬರಿಗಾಲಲ್ಲಿ ಒದ್ದಳು. ಎರಡು ಕಡೆ ಚೂಪಾದ ಚೆಂಡು, ಅದಕ್ಕೆ ನೇರ ಹೋಗಿ ಗೊತ್ತಿಲ್ಲ. ಪಕ್ಕದ ಕಬ್ಬಿನ ಗದ್ದೆಗೆ ಹಾರಿ ಮಾಯವಾಯಿತು. ಇದ್ದದ್ದು ಅದೊಂದೇ ಚೆಂಡು. ಮ್ಯಾಚು ಸೊನ್ನೆ ಸೊನ್ನೆಗೆ ಮುಗಿಯಿತು.

ತನ್ನ ಕೆಲಸವೂ ಕಬ್ಬಿನ ಗದ್ದೆ ಸೇರಿತೆಂದು ಶಾಂತರಾಜು ಮೂಲೆಯಲ್ಲಿ ನಿಂತರು. ನಿಜಕ್ಕೂ ಕರುಳು ಚುರ್ ಎನ್ನುವ ನೋಟ. ಅಷ್ಟರಲ್ಲಿ ಸ್ಟೇಜಿನಿಂದ ಕರೆ ಬಂತು. ಅಧ್ಯಕ್ಷರು ಶಾಲು ಹೊದಿಸಿ ಅವರನ್ನು ತಬ್ಬಿಕೊಂಡರು.

"ಏನ್ ಗ್ಯಾನ ಮೇಷ್ಟ್ರೇ ನಿಮ್ದು! ಪಿ.ಟಿ. ಪೋಸ್ಟ್ ಪರ್ಮನೆಂಟ್ ಅಂದಿದ್ದೆ, ಇವತ್ತೇ ಮಾಡ್ತಿವ್ನಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಅಧ್ಯಕ್ಷರು ಯಳಂದೂರಿನ ಪಿ.ಟಿ. ಮೇಷ್ಟ್ರು ಮಹದೇವಸ್ವಾಮಿಯ ಕಡೆ ತಿರುಗಿದರು.

"ಟಚ್‌ಡೌನ್ ಅಂತ ಯಾಕಂತಾರೆ, ಗೊತ್ತಾ ನಿಮ್ಗೆ?"

"ಇಲ್ಲ ಸಾ. ಓಡ್ರವ್ವಾ ಅಂತೀನಿ, ಓಡ್ತವೆ."

"ಪಿ.ಟಿ.ಗೆ ಇಂಥೋರೇ ಬೇಕು. ನಾಳೆಯಿಂದ ಆ ಪೋಸ್ಟ್ ನಿಮ್ದು" ಎಂದ ಅಧ್ಯಕ್ಷರು ಶಾಂತರಾಜುವಿನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಇಷ್ಟು ಚರಿತ್ರೆ ಗೊತ್ತಿರೋರ್ನ ಬಿಸಿಲಲ್ಲಿ ನಿಲ್ಸೋದಾ? ನೀವು ಸಮಾಜ ಪಾಠ ತಕಳಿ ಮೇಷ್ಟ್ರೇ. ಸದ್ಯಕ್ಕೆ ಟೆಂಪರವರಿ."